ನಂದಿ ಬೆಟ್ಟ ಹತ್ತು ಸಲ, ಮೇಲೊಂದು ಗುಲಗಂಜಿ

ನಾಲ್ಕನೇ ಸಲ ಬೆಟ್ಟ ಇಳಿದು ಬಂದು, ಎರಡು ಗುಟುಕು ನೀರು ಕುಡಿದು, ಸೈಕಲ್ ಮೂತಿಯನ್ನು ಮತ್ತೆ ಮೇಲಕ್ಕೆ ತಿರುಗಿಸುತ್ತಿದ್ದೆ. ಬುಡದಲ್ಲಿ ಸೀಬೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. "ಮೇಲೆ ಏನ್ ಕಳ್ಕೊಂಡ್ರಪ್ಪಾ? ಬೆಳಗ್ಗಿಂದ ಹುಡುಕ್ತಾನೇ ಇದ್ದೀರಲ್ಲ!" ಅಂತ ಕೇಳೇಬಿಟ್ಟಿತು. ನಾನು ಸುಮ್ನೆ ನಕ್ಕೆ. ನಂದಿ ಬೆಟ್ಟದ ಬುಡದಲ್ಲಿ ನಿಂತುಕೊಂಡು "ಅರ್ಧ ಎವರೆಸ್ಟ್ ಹತ್ತುತ್ತಾ ಇದ್ದೀವಿ ಅಜ್ಜೀ" ಅಂತ ಹೇಳೋದಾದರೂ ಹೇಗೆ?

ಈ ಹುಚ್ಚಿಗೆ ಎವರೆಸ್ಟಿಂಗ್ ಅಂತ ಹೆಸರು. ಯಾವುದೋ ಒಂದು ಬೆಟ್ಟ ಹಿಡಿಯಬೇಕು, ಅದನ್ನೇ ಹತ್ತಿ ಇಳಿದು ಹತ್ತಿ ಇಳಿದು, ಹತ್ತಿದ ಎತ್ತರವೆಲ್ಲ ಸೇರಿ 8,848 ಮೀಟರ್ ಆಗಬೇಕು. ನಡುವೆ ಕೂತು ಉಣ್ಣಬಹುದು, ನಿದ್ದೆ ಮಾಡುವ ಹಾಗಿಲ್ಲ. 1924ರಲ್ಲಿ ಎವರೆಸ್ಟಿನ ಮೇಲೆ ಕಾಣೆಯಾದ ಜಾರ್ಜ್ ಮ್ಯಾಲೊರಿ ಗೊತ್ತಲ್ವಾ, ಅವನ ಮೊಮ್ಮಗ, ಅವನ ಹೆಸರೂ ಜಾರ್ಜ್ ಮ್ಯಾಲೊರಿಯೇ, 1994ರಲ್ಲಿ ಆಸ್ಟ್ರೇಲಿಯಾದ ಡೊನಾ ಬ್ಯುವಾಂಗ್ ಅನ್ನುವ ಬೆಟ್ಟದ ಮೇಲೆ ಸೈಕಲ್ಲಿನಲ್ಲಿ ಹೀಗೆ ತಿರುತಿರುಗಿ ಹತ್ತಿದ. ಅಜ್ಜ ಹೋದ ಬೆಟ್ಟಕ್ಕೆ ತಾನೂ ಹೋಗುವ ಮೊದಲು ಕಾಲು ಗಟ್ಟಿ ಮಾಡಿಕೊಳ್ಳೋಣ ಅಂತ. ಮುಂದಿನ ವರ್ಷ ಎವರೆಸ್ಟಿನ ತುದಿ ಮುಟ್ಟಿಯೂ ಬಂದ. ಅವನಿಗೆ ಕಾರಣ ಇತ್ತು. ನಮಗೆ ಇದ್ದದ್ದು ಒಂದು ವಾಟ್ಸಾಪ್ ಗ್ರೂಪ್ ಮಾತ್ರ.

ಪೂರ್ತಿ ಎವರೆಸ್ಟ್ ನಂದಿಯಲ್ಲಿ ಆಗುವ ಮಾತಲ್ಲ. ರಾತ್ರಿ ಬೆಟ್ಟಕ್ಕೆ ಬಿಡುವುದಿಲ್ಲ, ನಮ್ಮಂಥವರಿಗೆ ಒಂದು ಹಗಲು ಸಾಲುವುದಿಲ್ಲ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಸ್ಪೇನಿನ ಆಲ್ಬರ್ಟೊ ಕಾಂಟಡೋರ್ 2020ರಲ್ಲಿ ತನ್ನ ದೇಶದ ಒಂದು ಬೆಟ್ಟದಲ್ಲಿ ಪೂರ್ತಿ ಎವರೆಸ್ಟನ್ನು ಏಳೂವರೆ ಗಂಟೆಯೊಳಗೆ ಮುಗಿಸಿದ್ದ. ಅರ್ಧ ಸಾಕು ಅಂತ ನಾವು ಸರ್ವಾನುಮತದಿಂದ ತೀರ್ಮಾನ ಮಾಡಿದೆವು. ಅರ್ಧ ಅಂದರೆ 4,424 ಮೀಟರ್. ಅದಕ್ಕೆ ಬೇಸ್ ಕ್ಯಾಂಪ್ ಅನ್ನುತ್ತಾರೆ.

ಲೆಕ್ಕದ ಜವಾಬ್ದಾರಿ ಮೇಷ್ಟ್ರದ್ದು. ಪಿಯು ಕಾಲೇಜಿನಲ್ಲಿ ಇಪ್ಪತ್ತೈದು ವರ್ಷದಿಂದ ಗಣಿತ ಹೇಳುತ್ತಿರುವವರು, ನಮ್ಮ ಪೈಕಿ ಎಲ್ಲರಿಗಿಂತ ಹಿರಿಯರು. ಕೆಳಗಿನ ಗೇಟಿನಿಂದ ಮೇಲಿನ ಪಾರ್ಕಿಂಗ್ ತನಕ ಏಳೂವರೆ ಕಿಲೋಮೀಟರ್, ಎತ್ತರ 435 ಮೀಟರ್ ಅಂತ ಇಟ್ಟುಕೊಂಡರು. ಹತ್ತು ಸಲ ಹತ್ತಿದರೆ 4,350. "ಸಾಲಲ್ಲ," ಅಂದರು. "74 ಮೀಟರ್ ಕಮ್ಮಿ ಬೀಳುತ್ತೆ. ಹತ್ತು ಸಲ ಆದಮೇಲೆ ಹನ್ನೊಂದನೇದು ಒಂದೂವರೆ ಕಿಲೋಮೀಟರ್ ಹೋಗಿ ಬರಬೇಕು." ಆಫೀಸಿನ ಇಬ್ಬರು ಹುಡುಗರು ನಕ್ಕರು. ಒಬ್ಬೊಬ್ಬರ ವಾಚಿನಲ್ಲಿ ಒಂದೊಂದು ಎತ್ತರ ಬರುತ್ತದೆ ಅಂತ ಮೇಷ್ಟ್ರು ಯಂತ್ರಗಳನ್ನು ನಂಬಲಿಲ್ಲ. ಚೌಕಾಬಾರಕ್ಕೆ ತರುವ ಹಾಗೆ ಹುಣಸೆ ಬೀಜ ತಂದರು. ಐದು ಜನಕ್ಕೆ ಐದು ಡಬ್ಬಿ, ಒಂದೊಂದರಲ್ಲಿ ಹತ್ತು ಹುಣಸೆ ಬೀಜ. ಮೇಲೆ ಹೋಗಿ ಬಂದವರು ತಮ್ಮ ಡಬ್ಬಿಯಿಂದ ಒಂದು ಬೀಜ ತೆಗೆದು ಮುಚ್ಚಳಕ್ಕೆ ಹಾಕಬೇಕು. ಆ 74 ಮೀಟರಿಗೆ ಅಂತ ಪ್ರತಿ ಡಬ್ಬಿಯಲ್ಲೂ ಒಂದೊಂದು ಗುಲಗಂಜಿ.

ಐವರು ಅಂದರೆ ಮೇಷ್ಟ್ರು, ನಮ್ಮಕ್ಕ, ನಾನು, ಇಬ್ಬರು ಹುಡುಗರು. ಭಾವ ಸೈಕಲ್ ಮುಟ್ಟುವವರಲ್ಲ. ಅವರು ಕಾರು, ಚಿತ್ರಾನ್ನ, ಮೊಸರನ್ನ, ಏಲಕ್ಕಿ ಬಾಳೆಹಣ್ಣಿನ ಗೊನೆ, ಬೆಲ್ಲದ ಪಾನಕ ಮತ್ತು ಒಂದು ಮಡಚುವ ಕುರ್ಚಿ ತಂದು ಬುಡದಲ್ಲಿ ಹೊಂಗೆ ಮರದ ಕೆಳಗೆ ಠಿಕಾಣಿ ಹಾಕಿದರು. ಆ ಕುರ್ಚಿಯ ವಿಷಯ ಆಮೇಲೆ ಹೇಳುತ್ತೇನೆ.

ಡಿಸೆಂಬರ್ ತಿಂಗಳು, ಮಂಗಳವಾರ. ವಾರದ ಕೊನೆಯಲ್ಲಿ ನಂದಿಗೆ ಹೋದರೆ ಕಾರುಗಳ ಮಧ್ಯೆ ಸೈಕಲ್ ತೂರಿಸುವುದೇ ಒಂದು ಸಾಹಸ, ಅದಕ್ಕೇ ರಜೆ ಹಾಕಿ ಬಂದಿದ್ದೆವು. ಆರೂ ಇಪ್ಪತ್ತಕ್ಕೆ ಹೊರಟಾಗ ಮಂಜು ಎಷ್ಟು ದಟ್ಟವಾಗಿತ್ತು ಅಂದರೆ ಮುಂದಿನವರ ಕೆಂಪು ಲೈಟು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹುಡುಗರು ಮೊದಲನೇದನ್ನು 32 ನಿಮಿಷದಲ್ಲಿ ಹತ್ತಿ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ನನಗೆ 44 ನಿಮಿಷ. ಅಕ್ಕ ಮತ್ತು ಮೇಷ್ಟ್ರು ಮಾತಾಡಿಕೊಂಡು, ಮದುವೆ ಮನೆಗೆ ಹೋಗುವವರ ಹಾಗೆ ಐವತ್ತು ನಿಮಿಷಕ್ಕೆ ಬಂದರು. ಮೇಷ್ಟ್ರ ಸೈಕಲ್ ಹಳೇ ಸ್ಟೀಲ್ ಫ್ರೇಮಿನದ್ದು, ಮುಂದೆ ಮೂರು ಹಲ್ಲುಚಕ್ರ. ಅದರಲ್ಲಿ ತೀರಾ ಚಿಕ್ಕದಕ್ಕೆ ಹಾಕಿಕೊಂಡರೆ ಸೈಕಲ್ ಮುಂದೆ ಹೋಗುತ್ತಿದೆಯೋ ನಿಂತಿದೆಯೋ ಅಂತ ಅನುಮಾನ ಬರುವಷ್ಟು ನಿಧಾನ. ಅವರು ದಿನವೆಲ್ಲ ಅದರಿಂದ ಕದಲಲಿಲ್ಲ.

ಮೊದಲ ಮೂರು ಸಲ ಚೆನ್ನಾಗಿಯೇ ಇತ್ತು. ಸೂರ್ಯೋದಯ ನೋಡಲು ಬಂದವರು ಇಳಿಯುತ್ತಾ "ಕಮಾನ್ ಬ್ರೋ" ಅಂತ ಕೂಗಿದರು, ಅದೂ ಹಿತವಾಗಿತ್ತು. ಮೂರನೇ ಸಲಕ್ಕೆ ಮಂಜು ಹರಿದು ಕೆಳಗೆ ದ್ರಾಕ್ಷಿ ಚಪ್ಪರಗಳು, ಕೆರೆಗಳು ಕಂಡವು. 2021ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಈ ರಸ್ತೆಯೇ ಕೊಚ್ಚಿಹೋಗಿ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಎಷ್ಟು ಬೇಜಾರು ಮಾಡಿಕೊಂಡಿದ್ದೆ ಅಂತ ನೆನೆಸಿಕೊಂಡು ಹತ್ತಿದೆ. ಐದನೇ ಸಲಕ್ಕೆ, ಈಗ ಒಂದು ವಾರ ಮುಚ್ಚಿದರೂ ಪರವಾಗಿಲ್ಲ ಅನ್ನಿಸುತ್ತಿತ್ತು.

ಒಂದೇ ರಸ್ತೆ ಹತ್ತಿಳಿದರೆ ಕಣ್ಣಿಗೆ ಏನೇನೋ ಕಾಣಲು ಶುರುವಾಗುತ್ತದೆ. ಒಂದು ತಿರುವಿನ ಚರಂಡಿಯಲ್ಲಿ ನೀಲಿ ಚಿಪ್ಸ್ ಪೊಟ್ಟಣ ಬಿದ್ದಿತ್ತು. ಎರಡನೇ ಸಲ ಬಂದಾಗ ಗಾಳಿಗೆ ಒಂದು ಮೊಳ ಸರಿದಿತ್ತು. ಮೂರನೇ ಸಲ ಕಲ್ಲಿಗೆ ಒರಗಿತ್ತು. ನಾಲ್ಕನೇ ಸಲಕ್ಕೆ ನಾನು ಅದು ಎಲ್ಲಿದೆಯೋ ಅಂತ ನೋಡಲಿಕ್ಕೇ ಕಾಯುತ್ತಿದ್ದೆ, ಎರಡು ತಿರುವು ಕೆಳಗಿನಿಂದಲೇ. ಆರನೇ ಸಲ ಒಂದು ಮರಿಕೋತಿ ಅದರೊಳಗೆ ಇಡೀ ತಲೆ ತೂರಿಸಿ ಕೂತಿತ್ತು. ನನಗೆ ನಿಜವಾಗಿಯೂ ಬೇಸರವಾಯಿತು. ದಿನದಲ್ಲಿ ನನಗಿದ್ದ ಒಂದೇ ಮನರಂಜನೆ ಅದು.

ಇಳಿಯುವುದು ಆರಾಮ ಅಂತ ಅಂದುಕೊಂಡವರು ನಂದಿಯನ್ನು ಒಂದೇ ದಿನ ಹಲವು ಸಲ ಇಳಿದವರಲ್ಲ. ಹತ್ತುವಾಗ ಬೆವರಿನಲ್ಲಿ ನೆನೆದ ಬಟ್ಟೆ ಇಳಿಯುವಾಗ ಗಾಳಿಗೆ ಐಸ್ ಆಗುತ್ತದೆ. ಭಾವನ ಪೇಪರಿನ ಒಂದೊಂದು ಹಾಳೆ ಎದೆಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಕ್ರೀಡಾ ಪುಟ ಮುದ್ದೆಯಾಗಿ ನನ್ನ ಹೊಟ್ಟೆಗೆ ಅಂಟಿಕೊಂಡಿತ್ತು. ಕೈಬೆರಳು ಬ್ರೇಕ್ ಹಿಡಿದು ಹಿಡಿದು ಮರಗಟ್ಟಿ, ಬಾಳೆಹಣ್ಣಿನ ಸಿಪ್ಪೆ ಸುಲಿಯಲೂ ಬರುತ್ತಿರಲಿಲ್ಲ. ಅಕ್ಕ ಸುಲಿದು ಕೊಟ್ಟಳು, ನಾನು ಮೂರು ವರ್ಷದವನಿದ್ದಾಗ ಕೊಟ್ಟ ಹಾಗೆ.

ಈಗ ಕುರ್ಚಿಯ ವಿಷಯ. ಅವತ್ತು ಬೆಟ್ಟದ ಮೇಲೆ ಯಾರೂ ಕೈಬಿಡಲಿಲ್ಲ. ಬಿಟ್ಟವರೆಲ್ಲ ಬುಡದಲ್ಲೇ ಬಿಟ್ಟರು. ಮಧ್ಯದ ತಿರುವಿನಲ್ಲಿ ಎಷ್ಟೇ ಏದುಸಿರು ಬಂದರೂ ಮೇಲೆ ಮುಟ್ಟಿಯೇ ಇಳಿಯೋಣ ಅನ್ನಿಸುತ್ತದೆ, ಅರ್ಧಕ್ಕೆ ತಿರುಗಿದರೆ ಹತ್ತಿದ್ದೆಲ್ಲ ದಂಡ ಅಲ್ವಾ. ಆದರೆ ಕೆಳಗೆ ಬಂದಾಗ ಹೊಂಗೆ ನೆರಳು, ಕಾರಿನಲ್ಲಿ ಹಳೇ ಚಿತ್ರಗೀತೆ, ಇಂಗು ಒಗ್ಗರಣೆಯ ವಾಸನೆ, ಮತ್ತು ಆ ಕುರ್ಚಿ. ಒಂದು ಸುತ್ತು ಪೂರ್ತಿಯಾಗಿದೆ, ಹೊಸದು ಶುರುವಾಗಿಲ್ಲ, ಯಾರಿಗೂ ಏನೂ ಬಾಕಿ ಇಲ್ಲ. ಅಲ್ಲಿಂದ ಎದ್ದು ಸೈಕಲ್ ತಿರುಗಿಸುವುದಿದೆಯಲ್ಲ, ಆ ಹತ್ತು ಅಡಿ ಇಡೀ ಏಳೂವರೆ ಕಿಲೋಮೀಟರಿಗಿಂತ ಕಡಿದು. ಐದು ಮುಗಿಸಿದ ದೊಡ್ಡ ಹುಡುಗ "ಎರಡೇ ನಿಮಿಷ" ಅಂತ ಕುರ್ಚಿಯಲ್ಲಿ ಕೂತ. ಅಷ್ಟೇ. ಇನ್ನೊಬ್ಬನಿಗೆ ಆರನೇ ಇಳಿತದಲ್ಲಿ ಪಂಕ್ಚರ್ ಆಯಿತು, ಎಲ್ಲರೂ ನಿಂತು ಟ್ಯೂಬ್ ಬದಲಾಯಿಸಿಕೊಟ್ಟೆವು, ಬುಡಕ್ಕೆ ಬಂದವನು ಗೆಳೆಯನ ಪಕ್ಕ ನೆಲದ ಮೇಲೆಯೇ ಕಾಲು ಚಾಚಿ ಮೊಸರನ್ನಕ್ಕೆ ಕೈಹಾಕಿದ. ಇಬ್ಬರೂ ಆಮೇಲೆ ಏಳಲಿಲ್ಲ. ಮೇಷ್ಟ್ರು ಮಾತ್ರ ಆ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಸೈಕಲ್ಲಿನಿಂದ ಕಾಲು ಕೆಳಗಿಟ್ಟು, ನಿಂತೇ ತಿಂದು, ಬೀಜ ಹಾಕಿ, ಹೊರಟರು. ಮಧ್ಯಾಹ್ನದ ಊಟವೂ ನಿಂತೇ.

ಎಂಟನೇ ಸಲ, ಕಡಿದಾದ ಕೊನೆಯ ಎರಡು ಕಿಲೋಮೀಟರಿನಲ್ಲಿ ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಶೂ ಪೆಡಲ್‌ಗೆ ಕಚ್ಚಿಕೊಂಡಿರುತ್ತದೆ, ಬಿಡಿಸಲು ಹಿಮ್ಮಡಿ ಹೊರಕ್ಕೆ ತಿರುಗಿಸಬೇಕು. ತಿರುಗಿಸುವ ಕಾಲೇ ನನ್ನ ಮಾತು ಕೇಳುತ್ತಿರಲಿಲ್ಲ. ಹಾಗೇ ಎಡಕ್ಕೆ, ಹುಲ್ಲಿನ ಮೇಲೆ, ಸೈಕಲ್ ಸಮೇತ ಮಗುಚಿದೆ. ಮಾಂಸದೊಳಗೆ ಯಾರೋ ನೆನೆದ ಬಟ್ಟೆ ಹಿಂಡುತ್ತಿದ್ದ ಹಾಗೆ ಕಾಲು ಕಣ್ಣೆದುರೇ ಗಂಟುಗಂಟಾಗಿ ಏಳುತ್ತಿತ್ತು. ಹಿಂದೆ ಬರುತ್ತಿದ್ದ ಮೇಷ್ಟ್ರು ಮತ್ತು ಅಕ್ಕ ಇಳಿದರು. ಮೇಷ್ಟ್ರು ನನ್ನ ಪಾದವನ್ನು ತಮ್ಮ ತೊಡೆಗೆ ಒತ್ತಿ ಹಿಡಿದು ಕೂತರು. ಅಕ್ಕ ಉಪ್ಪು ಹಾಕಿದ ಪಾನಕ ಕುಡಿಸಿದಳು. "ನೀವು ಹೋಗಿ, ನಾನು ಬರ್ತೀನಿ" ಅಂತ ನಾನು ಮೂರ್ನಾಲ್ಕು ಸಲ ಹೇಳಿದೆ. "ಸುಮ್ನಿರೋ" ಅಂದಳು ಅಕ್ಕ. ಇಪ್ಪತ್ತೈದು ನಿಮಿಷ. ನಾನು ವಾಚ್ ನೋಡಿಕೊಂಡಿದ್ದೆ.

ಹೇಗೋ ಮೇಲೆ ಮುಟ್ಟಿ, ಒಂದೇ ಕಾಲಿನಲ್ಲಿ ಇಳಿದೆ ಅನ್ನಬಹುದು, ಎಂಟನೇ ಬೀಜ ಮುಚ್ಚಳಕ್ಕೆ ಹಾಕಿದೆ. ದೊಡ್ಡ ಹುಡುಗ ಎದ್ದು ಕುರ್ಚಿ ಬಿಟ್ಟುಕೊಟ್ಟ. ಕೂತೆ. ಕಾಲು ನೋಯುತ್ತಿತ್ತು, ಹೌದು. ಆದರೆ ಸುಳ್ಳು ಯಾಕೆ, ಒಂಬತ್ತನೇದಕ್ಕೆ ಅಕ್ಕ ಕರೆದಾಗ ಕಾಲು ಅಷ್ಟೇನೂ ನೋಯುತ್ತಿರಲಿಲ್ಲ.

ಆಮೇಲಿನ ಎರಡು ಗಂಟೆ ನಾನು ಭಾವನ ಜೊತೆ ಬಾಟಲಿ ತುಂಬಿಸಿದೆ, ಅಜ್ಜಿಯ ಹತ್ತಿರ ಉಪ್ಪುಖಾರ ಹಾಕಿಸಿದ ಸೀಬೆಕಾಯಿ ತಂದೆ. ಅಜ್ಜಿ ಕಾಸು ತಗೊಳ್ಳುವಾಗ "ಸಿಕ್ತಾ?" ಅಂತ ಕೇಳಿತು. "ಇನ್ನಿಬ್ಬರು ಹುಡುಕ್ತಾ ಇದ್ದಾರೆ," ಅಂದೆ.

ಅವರಿಬ್ಬರೂ ಹತ್ತನೇದು ಮುಗಿಸಿ ಇಳಿದಾಗ ಐದೂ ಮುಕ್ಕಾಲು. ಬೆಳಕು ಹೋಗುತ್ತಿತ್ತು. ಅಕ್ಕನ ಮುಖದ ಮೇಲೆ ಬೆವರು ಒಣಗಿ ಉಪ್ಪಿನ ಗೆರೆ ಬಿದ್ದಿತ್ತು, ರಂಗೋಲಿ ಪುಡಿ ಚೆಲ್ಲಿದ ಹಾಗೆ. ಹತ್ತನೇ ಬೀಜ ಹಾಕಿ, ಗುಲಗಂಜಿಗಾಗಿ ಸೈಕಲ್ ತಿರುಗಿಸಿದರು. ಗೇಟಿನವರು ಕೈ ಅಡ್ಡ ಹಿಡಿದರು. ಐದೂವರೆಗೇ ಮೇಲೆ ಬಿಡುವುದನ್ನು ನಿಲ್ಲಿಸಿದ್ದರು. "ಮೇಲಕ್ಕೆ ಹೋಗಲ್ಲಪ್ಪ, ಒಂದೂವರೆ ಕಿಲೋಮೀಟರ್ ಹೋಗಿ ವಾಪಸ್ ಬರ್ತೀವಿ," ಅಂದರು ಮೇಷ್ಟ್ರು. "ಅಲ್ಲಿ ಏನಿದೆ ಸಾರ್?" ಅಂತ ಅವರು ತುಂಬ ಮರ್ಯಾದೆಯಿಂದಲೇ ಕೇಳಿದರು. ಮೇಷ್ಟ್ರ ಹತ್ತಿರ ಹೇಳಲು ಏನೂ ಇರಲಿಲ್ಲ. ಅಲ್ಲಿ ನಿಜವಾಗಿಯೂ ಏನೂ ಇಲ್ಲ, ಒಂದು ತಿರುವು ಬಿಟ್ಟರೆ. ಅವರನ್ನು ತಪ್ಪು ಅನ್ನುವ ಹಾಗೂ ಇಲ್ಲ, ಕತ್ತಲಾಗುತ್ತಿತ್ತು.

ಕಾರಿಗೆ ಸೈಕಲ್ ಕಟ್ಟುವಾಗ ಯಾರೂ ನನ್ನ ಇಪ್ಪತ್ತೈದು ನಿಮಿಷದ ಮಾತೆತ್ತಲಿಲ್ಲ. ಚಿಕ್ಕ ಹುಡುಗ, ನಮ್ಮ ಆಫೀಸ್ ಮೆಟ್ಟಿಲು ಹತ್ತಿದರೆ 74 ಮೀಟರ್ ಆಗಿಬಿಡುತ್ತೆ ಅಂದ. ಅಕ್ಕ ನಕ್ಕು ಚಿತ್ರಾನ್ನದ ತಳ ಕೆರೆದಳು. ನನಗೆ ತಡೆಯಲಾಗದೆ, "ಬಿಡಿ ಮೇಷ್ಟ್ರೇ, ನಾಲ್ಕು ಸಾವಿರದ ಮೇಲೆ ಎಪ್ಪತ್ನಾಲ್ಕು ಯಾವ ಲೆಕ್ಕ, ಆಯ್ತು ಅಂತಲೇ ಇಟ್ಕೊಳ್ಳಿ," ಅಂದೆ.

ಮೇಷ್ಟ್ರು ತಮ್ಮ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದರು. ಒಳಗೆ ಗುಲಗಂಜಿ ಒಂದೇ ಗಲಗಲ ಅಂತು.

"ಮೂವತ್ತೈದಕ್ಕೆ ಪಾಸು ಅಂತಿದ್ದಾಗ ಮೂವತ್ನಾಲ್ಕು ತಗೊಂಡೋನ್ನ ನಾನು ಯಾವತ್ತಾದ್ರೂ ಪಾಸ್ ಮಾಡಿದ್ದೀನೇನಪ್ಪಾ?" ಅಂದರು.