ಡಬ್ಬಿ ಇನ್ನೂ ಮಾತಾಡಿಲ್ಲ

ಯಾರಾದರೂ ಮೋಸ ಹೋದ ಸುದ್ದಿ ಬಂದರೆ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು, "ದುರಾಸೆ, ಮತ್ತೆಂತ?" ಬ್ಯಾಂಕಿನ ಕೌಂಟರಿನಲ್ಲೇ ಆಯುಷ್ಯ ಸವೆಸಿದ ನನಗೆ ಈ ಮಾತು ಎಂದೂ ಸರಿಬಂದಿಲ್ಲ. ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಅಂದವರ ಹಿಂದೆ ಓಡಿದವರನ್ನು ಬಿಡಿ. ಹಬ್ಬದ ಹೊತ್ತಿನಲ್ಲಿ ದುಡ್ಡು ಕಳಕೊಂಡು ನನ್ನೆದುರು ಬಂದು ನಿಂತವರಲ್ಲಿ ಆಸೆಬುರುಕರು ಕಡಿಮೆ. ಹಿಂದೆ ನಿಂತವರಿಗೆ ತಡವಾಗುತ್ತದಲ್ಲ, ಫೋನಿನಲ್ಲಿದ್ದವನು ಬೇಸರ ಮಾಡಿಕೊಳ್ಳುತ್ತಾನಲ್ಲ ಅಂತ ದಾಕ್ಷಿಣ್ಯಕ್ಕೆ ಬಸಿರಾದವರೇ ಜಾಸ್ತಿ. 2025ರ ದೀಪಾವಳಿಯ ಧನತೇರಸ್ ದಿನ ತಮ್ಮನ ಅಂಗಡಿಯ ಗಲ್ಲಾದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂತ ಮೇಲೆ ನನ್ನ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ತಮ್ಮನದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಮಾನಪಾಡಾ ರಸ್ತೆಯಿಂದ ಒಳಹೋಗುವ ಗಲ್ಲಿಯಲ್ಲಿ, ಹಳೆ ಕಟ್ಟಡವೊಂದರ ಕೆಳಗೆ ಪುಟ್ಟ ಜನರಲ್ ಸ್ಟೋರ್. ವರ್ಷವಿಡೀ ನೋಟ್‌ಬುಕ್ಕು, ಬಿಸ್ಕತ್ತು, ಬ್ಯಾಟರಿ ಸೆಲ್ಲು. ದೀಪಾವಳಿ ಬಂತೆಂದರೆ ಅಂಗಡಿಯ ಗುರುತೇ ಸಿಗುವುದಿಲ್ಲ. ತಲೆಗೆ ತಾಗುವ ಹಾಗೆ ಕಂದೀಲುಗಳ ಸಾಲು, ಕಾಲ ಬುಡದಲ್ಲಿ ಪಣತಿಯ, ಅಂದರೆ ಹಣತೆಯ ಬುಟ್ಟಿಗಳು, ಅಭ್ಯಂಗಕ್ಕೆ ಮೈಗೆ ಉಜ್ಜುವ ಉಟಣೆ ಪುಡಿಯ ಪೊಟ್ಟಣ, ಮಹಾರಾಷ್ಟ್ರದ ದೀಪಾವಳಿಗೆ ಇಲ್ಲದಿದ್ದರೆ ಆಗದ ಮೋತಿ ಸೋಪು. ಮಕ್ಕಳು ಕಟ್ಟಡದ ಮೂಲೆಯಲ್ಲಿ ಕಟ್ಟುವ ಮಣ್ಣಿನ ಕೋಟೆಯ ಮೇಲೆ ನಿಲ್ಲಿಸಲು ಶಿವಾಜಿಯ ಮಾವಳೆ ಸೈನಿಕರ ಗೊಂಬೆಗಳು ಬೇರೆ. ಅವನ್ನು ಕೊಳ್ಳಲು ಬರುವ ಹುಡುಗರು ಒಂದೊಂದು ಗೊಂಬೆಯ ಕತ್ತಿಯನ್ನೂ ಪರೀಕ್ಷಿಸಿ ನೋಡುತ್ತಾರೆ. ದೊಡ್ಡವರಿಗೆ ಅಷ್ಟು ತಾಳ್ಮೆ ಇಲ್ಲ.

"ಅಕ್ಕ, ನೀನು ಗಲ್ಲಾ ಒಂದು ನೋಡ್ಕೊ ಸಾಕು, ಸಾಮಾನು ನಾನು ಕೊಡ್ತೇನೆ" ಎಂದ ತಮ್ಮ, ಬಾಗಿಲು ತೆಗೆದವನೇ ಮೊದಲು ತನ್ನ ಫೋನಿನಿಂದ ತನ್ನದೇ ಕ್ಯೂಆರ್ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆ ಅಂತ ನೋಡಿದ. ಎಂತದು ಇದು ಅಂದರೆ, ಅದೇ ವರ್ಷದ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಯಾರೋ ರಾತ್ರೋರಾತ್ರಿ ಅಂಗಡಿ, ಪೆಟ್ರೋಲ್ ಪಂಪುಗಳ ಕ್ಯೂಆರ್ ಮೇಲೆ ತಮ್ಮ ಸ್ಟಿಕರ್ ಅಂಟಿಸಿ ಹೋದ ಕಥೆ ಹೇಳಿದ. ಗಿರಾಕಿ ಕೊಟ್ಟ ದುಡ್ಡೆಲ್ಲ ಬೇರೆ ಖಾತೆಗೆ. ಅಂದಿನಿಂದ ಇವನಿಗೆ ದೇವರ ದೀಪ ಹಚ್ಚುವ ಮೊದಲು ಇದೊಂದು ಹೊಸ ಪೂಜೆ.

ಹನ್ನೊಂದರ ಹೊತ್ತಿಗೆ ಗಲ್ಲಿ ತುಂಬಿಹೋಯಿತು. ಇಸ್ತ್ರಿ ಮಡಿಕೆ ಕೂಡ ಮಾಸದ ಅಂಗಿ ತೊಟ್ಟ ಒಬ್ಬ ತರುಣ ಬಂದ. ದೊಡ್ಡ ಕಂದೀಲು, ಬಣ್ಣದ ದೀಪದ ಸರಗಳು, ಸೋಪು, ಉಟಣೆ, ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಬಿಲ್ಲು. ಚೌಕಾಸಿ ಮಾಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತೇನೋ, ಡೊಂಬಿವಲಿಯಲ್ಲಿ ಚೌಕಾಸಿ ಮಾಡದೆ ಕಂದೀಲು ಕೊಂಡವರುಂಟೆ? ಸ್ಕ್ಯಾನ್ ಮಾಡಿ, ಫೋನ್ ನನ್ನ ಮುಖಕ್ಕೆ ಹಿಡಿದ. ಹಸಿರು ಪರದೆ, ಬಿಳಿ ಟಿಕ್ ಗುರುತು, ಕೆಳಗೆ ಅಂಗಡಿಯ ಹೆಸರು, ಮೊತ್ತ, ತಾರೀಖು, ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆ. ಏನೂ ಕೊರತೆ ಇಲ್ಲ. ಚೀಲಕ್ಕೆ ಕೈ ಹಾಕಿದ.

ತಮ್ಮ ಚೀಲದ ಹಿಡಿ ಬಿಡಲಿಲ್ಲ. ಮರಾಠಿಯಲ್ಲಿ ತಣ್ಣಗೆ, "ಡಬ್ಬಾ ಅಜೂನ್ ಬೋಲಲಾ ನಾಹೀ" ಅಂದ. ಡಬ್ಬಿ ಇನ್ನೂ ಮಾತಾಡಿಲ್ಲ. ದುಡ್ಡು ಜಮೆಯಾದ ಕೂಡಲೇ ಮೊತ್ತ ಹೇಳುವ ಸೌಂಡ್‌ಬಾಕ್ಸ್ ನಮ್ಮ ಮುಂದೆ ಸುಮ್ಮನೆ ಕೂತಿತ್ತು. ಹುಡುಗ ನಕ್ಕು, ಸರ್ವರ್ ಡೌನ್ ಇರಬೇಕು, ನನ್ನ ಖಾತೆಯಿಂದ ಹೋಗಿದೆ ನೋಡಿ ಅಂತ ಮತ್ತೆ ಪರದೆ ತೋರಿಸಿದ. ಹಿಂದಿನಿಂದ ಒಬ್ಬ ಹೆಂಗಸು "ಅಹೋ ದಾದಾ, ಲವಕರ್!" ಅಂತ ಅವಸರಿಸಿದಳು. ಇನ್ನೊಬ್ಬ ಗಂಡಸು, ಪಾಪ ಹುಡುಗ ಕೊಟ್ಟಿದ್ದಾನಲ್ಲ, ಬಿಡಿ ಮಾರಾಯ್ರೆ ಅನ್ನುವ ಧಾಟಿಯಲ್ಲಿ ಗೊಣಗಿದ. ನೋಡಿ, ಮೋಸ ಮಾಡುವವನ ಕೆಲಸವನ್ನು ಗುಂಪು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಗಿಜಿಗುಡುವ ಹೊತ್ತನ್ನೇ ಹುಡುಕಿಕೊಂಡು ಇವರು ಬರುವುದು ಅದಕ್ಕೇ.

ತಮ್ಮ ತನ್ನ ಫೋನಿನಲ್ಲಿ ಖಾತೆ ತೆರೆದು ನೋಡಿದ. ಬಂದಿರಲಿಲ್ಲ. "ಬರ್ಲಿ, ಚೀಲ ಇಲ್ಲೇ ಇಡ್ತೇನೆ, ನೀವು ಆಚೆ ನಿಂತಿರಿ" ಅಂತ ಮುಂದಿನವರಿಗೆ ಪಣತಿ ಎಣಿಸತೊಡಗಿದ. ಜಗಳವಿಲ್ಲ, ಕಳ್ಳ ಅಂತ ಒಂದು ಮಾತಿಲ್ಲ. ಎಟಿಎಮ್ಮಿನಿಂದ ನಗದು ತರುತ್ತೇನೆ ಅಂತ ಹೋದವನು ಆಮೇಲೆ ಆ ಗಲ್ಲಿಯಲ್ಲಿ ಕಾಣಲಿಲ್ಲ. ಇಂಥ ಪರದೆಯನ್ನು ಹಾಗೇ ತೋರಿಸುವ ನಕಲಿ ಆ್ಯಪ್‌ಗಳಿವೆ. ಹೆಸರು, ಮೊತ್ತ, ಸಂಖ್ಯೆ ಎಲ್ಲ ಅದೇ ಬರೆದುಕೊಡುತ್ತದೆ. ಗಿರಾಕಿಯ ಫೋನಿನಲ್ಲಿ ಏನು ಕಾಣುತ್ತದೆ ಅನ್ನುವುದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಅದೇ ದಿನ ಮಧ್ಯಾಹ್ನದೊಳಗೆ ಇನ್ನೊಬ್ಬರ ದುಡ್ಡು ನಿಜವಾಗಿಯೇ ನಡುವೆ ಸಿಕ್ಕಿಹಾಕಿಕೊಂಡಿತು. ಮಗುವನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸು. ಅವಳಿಗೂ ತಮ್ಮ ಅದೇ ಮಾತು ಹೇಳಿದ. "ಬರಂ, ನಾನು ಹೂವು ತಗೊಂಡು ಬರ್ತೇನೆ" ಅಂತ ಹೋದಳು. ಅವಳು ಝೆಂಡು ಹೂವಿನ ಕಟ್ಟು ಹಿಡಿದು ವಾಪಸು ಬರುವಷ್ಟರಲ್ಲಿ ಡಬ್ಬಿ ಕೂಗಿಯಾಗಿತ್ತು. ಅವಳಿಗೆ ಅವಮಾನವೂ ಆಗಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಕಾಯಿಸಿದರೆ ಗಿರಾಕಿ ಕೈತಪ್ಪುತ್ತಾನೆ ಅನ್ನುವ ಹೆದರಿಕೆ ವ್ಯಾಪಾರಿಗಳಿಗೆ ಇರುವಷ್ಟು, ಕಾಯುವ ಕಷ್ಟ ಗಿರಾಕಿಗಳಿಗೆ ಇರುವುದಿಲ್ಲ.

ಎರಡು ಗಂಟೆಗೆ ಗಲ್ಲಿ ಸ್ವಲ್ಪ ತೆರವಾದಾಗ ಮೇಲಿನ ಮಹಡಿಯ ಟೀಚರ್ ಇಳಿದು ಬಂದರು. ಧಾರವಾಡದ ಕಡೆಯವರು, ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ತಂಗಿಗೆ ಉಡಿಸಲೆಂದು ಆನ್‌ಲೈನಿನಲ್ಲಿ ಇಳಕಲ್ ಸೀರೆ ತರಿಸಿದ್ದರು. ಅದು ಬಂದಿರಲಿಲ್ಲ. ಬದಲಿಗೆ ಒಂದು ಎಸ್ಸೆಮ್ಮೆಸ್ಸು ಬಂದಿತ್ತು: ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಅಪೂರ್ಣ, 48 ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತಿ ಸರಿಪಡಿಸಿ.

"ಐದು ರೂಪಾಯಿ ಕೇಳಾಕತ್ತಾರ್ರೀ. ಐದ ರೂಪಾಯಿ ಹೋದ್ರ ಏನಾಕ್ಕೈತಿ, ಕೊಟ್ಟು ಬಿಡ್ಲೇನು?"

ಟೀಚರಿಗೆ ಯಾವ ಆಸೆ? ಅವರು ನಿಜವಾಗಿಯೂ ಒಂದು ಪಾರ್ಸೆಲ್ಲಿಗೆ ಕಾಯುತ್ತಿದ್ದರು. ಅಕ್ಟೋಬರಿನಲ್ಲಿ ಈ ದೇಶದಲ್ಲಿ ಪಾರ್ಸೆಲ್ಲಿಗೆ ಕಾಯದವರು ಯಾರು? ಕಣ್ಣುಮುಚ್ಚಿ ಲಕ್ಷ ಜನರಿಗೆ ಇದೇ ಸಂದೇಶ ಕಳಿಸಿದರೂ ಸಾವಿರಾರು ಜನರಿಗೆ ಅದು ತಮ್ಮದೇ ಸೀರೆ, ತಮ್ಮದೇ ಮಿಕ್ಸಿ ಅನಿಸುತ್ತದೆ. ಅಂಚೆ ಇಲಾಖೆಯ ಹೆಸರಿನಲ್ಲಿ ಓಡಾಡುವ ಇಂಥದ್ದೇ ಒಕ್ಕಣೆ ನಕಲಿ ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಿಂದೆಯೇ ಹೇಳಿದೆ. ಐದು ರೂಪಾಯಿ ಅವರಿಗೂ ಬೇಕಿಲ್ಲ, ಅದನ್ನು ಕಟ್ಟಲು ಟೀಚರ್ ತುಂಬುವ ಕಾರ್ಡಿನ ನಂಬರು ಬೇಕು. ಕಳಿಸಿದವರು ಯಾರು ಅಂತ ನೋಡಿದೆ. ಬರೀ ಹತ್ತಂಕಿಯ ಮೊಬೈಲ್ ನಂಬರು. ಬ್ಯಾಂಕು, ಕಂಪನಿ, ಸರ್ಕಾರದ ಸಂದೇಶವಾದರೆ ಅಲ್ಲಿ ಅಕ್ಷರದ ಹೆಸರು ಇರುತ್ತದೆ, 2025ರಿಂದ ಆ ಹೆಸರಿನ ಬಾಲಕ್ಕೆ ಒಂದು ಇಂಗ್ಲಿಷ್ ಅಕ್ಷರವೂ ಸೇರಿದೆ: ಪಿ ಅಂದರೆ ಜಾಹೀರಾತು, ಎಸ್ ಸೇವೆ, ಟಿ ಹಣದ ವ್ಯವಹಾರ, ಜಿ ಸರ್ಕಾರ. ಟೀಚರ್ ತಮ್ಮ ಹಳೆ ಸಂದೇಶಗಳನ್ನೆಲ್ಲ ಮೇಲೆ ಕೆಳಗೆ ಮಾಡಿ ನೋಡಿ, ವ್ಯಾಕರಣದ ಪಾಠ ಸಿಕ್ಕವರಂತೆ ಖುಷಿಪಟ್ಟರು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಹಿಂದಿ, ತುಂಬ ವಿನಯದ ದನಿ. ಮಾತಾಜಿ, ಕೊರಿಯರಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ಬಿಲ್ಡಿಂಗಿನ ಕೆಳಗೇ ನಿಂತಿದ್ದೇನೆ, ಬಿಸಿಲು ಬಹಳ, ಪಾರ್ಸೆಲ್ ಆ್ಯಪಿನಲ್ಲಿ ತೆರೆಯುತ್ತಿಲ್ಲ. ನಮ್ಮ ಆಫೀಸಿಗೆ ಕನೆಕ್ಟ್ ಆಗಬೇಕು, ನಾನು ಹೇಳಿದ ಹಾಗೆ ಒತ್ತಿ: ಸ್ಟಾರ್, ನಾಲ್ಕು, ಸೊನ್ನೆ, ಒಂದು, ಸ್ಟಾರ್, ಆಮೇಲೆ ಈ ಹತ್ತಂಕಿ.

ಟೀಚರ ಬೆರಳು ಸ್ಟಾರಿನ ಮೇಲಿತ್ತು. ತಮಾಷೆ ಏನೆಂದರೆ, ಬಿಲ್ಡಿಂಗಿನ ಕೆಳಗೆ ನಾವೇ ಕೂತಿದ್ದೆವು. ನಾವಿಬ್ಬರು, ತಮ್ಮ, ಬಾಗಿಲ ಬಳಿ ಮಲಗಿದ್ದ ನಾಯಿ. ಇನ್ನೊಂದು ನರಪಿಳ್ಳೆ ಇರಲಿಲ್ಲ. ಫೋನ್ ತೆಗೆದುಕೊಂಡು, "ಅಣ್ಣ, ಕೆಳಗಿನ ಅಂಗಡಿಯಲ್ಲಿ ಯಾವ ಬಣ್ಣದ ಕಂದೀಲು ತೂಗುಹಾಕಿದ್ದಾರೆ, ಸ್ವಲ್ಪ ಹೇಳು" ಅಂತ ಹಿಂದಿಯಲ್ಲಿ ಕೇಳಿದೆ. ಕಟ್.

ಆ ಸ್ಟಾರ್ 401 ಸ್ಟಾರ್ ಎಂಬುದು ನಮಗೆ ಬರುವ ಕರೆಗಳನ್ನೆಲ್ಲ ಇನ್ನೊಂದು ನಂಬರಿಗೆ ತಿರುಗಿಸುವ ಸಂಕೇತ. ಸ್ಟಾರ್ 21 ಸ್ಟಾರ್ ಕೂಡ ಅದೇ ಜಾತಿ. ಒತ್ತಿದಿರೋ, ಬ್ಯಾಂಕು ಕರೆ ಮಾಡಿ ಹೇಳುವ ಓಟಿಪಿ, ವಾಟ್ಸ್‌ಆ್ಯಪ್ ಖಾತೆ ತೆರೆಯಲು ಬರುವ ಕರೆ ಎಲ್ಲ ಅವನ ಕಿವಿಗೆ. ನಮ್ಮ ಫೋನು ಹೊಡೆದುಕೊಳ್ಳುವುದೇ ಇಲ್ಲ, ಹಾಗಾಗಿ ಏನಾಗುತ್ತಿದೆ ಅಂತ ಗೊತ್ತೂ ಆಗುವುದಿಲ್ಲ. ಈ ರೀತಿ ಸಂಕೇತ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತ್ತು. ಆದರೂ ಇಂಥ ಕರೆ ಬರುವುದು ನಿಂತಿಲ್ಲ ಅಂದಮೇಲೆ, ಎಲ್ಲೋ ಅದು ಕೆಲಸ ಮಾಡುತ್ತಿದೆ ಅಂತಲೇ ಲೆಕ್ಕ. ಎಲ್ಲ ತಿರುಗಿಸುವಿಕೆಯನ್ನೂ ರದ್ದು ಮಾಡುವ ##002# ಅನ್ನು ಟೀಚರ ಫೋನಿನಲ್ಲಿ ಒತ್ತಿಸಿದೆ. ಅವರಿಗೆ ಸಮಾಧಾನವಿಲ್ಲ.

"ಖರೇನ ಕೊರಿಯರ್ ಹುಡುಗ ಆಗಿದ್ರ? ಪಾಪ, ಬಿಸಲಾಗ ನಿಂತೀನಿ ಅಂದ. ನಾವು ಚೇಷ್ಟಾ ಮಾಡಿದಂಗ ಆತಲ್ರೀ."

ಕಾರ್ಡಿನಲ್ಲಿದ್ದ ಪಿಂಚಣಿ ಉಳಿಯಿತೆಂಬ ನಿರಾಳಕ್ಕಿಂತ, ಗುರುತಿಲ್ಲದವನ ಮನಸ್ಸು ನೋಯಿತೇನೋ ಎಂಬ ಚಿಂತೆ ದೊಡ್ಡದು. ಇಂಥವರನ್ನು ದುರಾಸೆಯವರು ಅಂದರೆ ನನಗೆ ಸಿಟ್ಟು ಬರುತ್ತದೆ.

ಪಕ್ಕದ ಟೈಲರ್ ಅಂಗಡಿಯ ಹುಡುಗನದು ಇನ್ನೊಂದು ಕಥೆ. ಹಿಂದಿನ ವರ್ಷ ನವರಾತ್ರಿ ಸೇಲಿನಲ್ಲಿ ಫೋನಿನ ಜಾಹೀರಾತು ನೋಡಿ ಬೂಟಿಗೆ ದುಡ್ಡು ಕಟ್ಟಿದ್ದ, ಬೂಟು ಬರಲಿಲ್ಲ. ಗೂಗಲಿನಲ್ಲಿ ಹುಡುಕಿ 'ಕಸ್ಟಮರ್ ಕೇರ್' ನಂಬರಿಗೆ ಫೋನ್ ಮಾಡಿದ. ಅಲ್ಲಿದ್ದವರೂ ಕಳ್ಳರೇ. ದುಡ್ಡು ವಾಪಸು ಕೊಡುತ್ತೇವೆ ಅಂತ ಪರದೆ ಹಂಚುವ ಆ್ಯಪ್ ಹಾಕಿಸಿ, ಪಿನ್ ಒತ್ತಿಸಿದರು. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುವುದೇ. ದುಡ್ಡು ಕೇಳಿ ಒಬ್ಬರು ಇನ್ನೊಬ್ಬರಿಗೆ ಕಳಿಸುತ್ತಿದ್ದ 'ಕಲೆಕ್ಟ್' ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿತು, ಒಂದು ದಾರಿ ಮುಚ್ಚಿತು, ಸಂತೋಷ. ಪಿನ್ ಕೇಳುವ ಬಾಯಿ ಮುಚ್ಚಿಲ್ಲ.

ಹುಡುಗ ಮಾಲೀಕರು ಬೈದಾರೆಂದು ಎರಡು ದಿನ ಯಾರಿಗೂ ಹೇಳಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೆ. ಸೈಬರ್ ಮೋಸದ ದೂರಿಗೆಂದೇ ಇರುವ ಸಹಾಯವಾಣಿ 1930ಕ್ಕೆ ಕರೆ ಮಾಡಿ ವ್ಯವಹಾರದ ಸಂಖ್ಯೆ, ಹೊತ್ತು, ಬ್ಯಾಂಕಿನ ಹೆಸರು ಹೇಳಿದರೆ, ದುಡ್ಡು ಯಾವ ಖಾತೆಯಲ್ಲಿದೆಯೋ ಅಲ್ಲೇ ತಡೆಯುವ ಪ್ರಯತ್ನ ಶುರುವಾಗುತ್ತದೆ. ಅವರು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿಸುತ್ತ ಹೋಗುವುದರಿಂದ ಇಲ್ಲಿ ಗಂಟೆಗಳ ಲೆಕ್ಕ, ದಿನಗಳದಲ್ಲ. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ದುಡ್ಡು ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುತ್ತಿರಲಿಲ್ಲ. ಪಿನ್, ಓಟಿಪಿ ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ, ತಿಳಿಸಿದ ಮೇಲಿನದು ಬ್ಯಾಂಕಿನದು ಅಂತಿತ್ತು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಒಂದೊಂದು ಗಂಟೆಗೂ ಹೀಗೆ ನೇರ ಬೆಲೆಯಿದೆ. ನಾನೇ ಅವನನ್ನು ಕೂರಿಸಿಕೊಂಡು ದೂರು ಬರೆಸಿದೆ. ತಡೆಹಿಡಿಯಲು ಸಿಕ್ಕಿದ್ದು ಅಲ್ಪಸ್ವಲ್ಪ. ಅದು ಅವನ ಕೈಗೆ ಬರಲು ತಿಂಗಳುಗಟ್ಟಲೆ ಓಡಾಡಿದ.

ಸಂಜೆ ತಮ್ಮನ ಹೆಂಡತಿ ಮುಹೂರ್ತಕ್ಕೆ ಬಂಗಾರದ ಓಲೆ ಕೊಂಡು ತಂದಳು. ಹಾಲ್‌ಮಾರ್ಕ್ ಅಸಲಿಯೇ ಅಂತ ತೋರಿಸುವ ಸರ್ಕಾರಿ ಬಿಐಎಸ್ ಕೇರ್ ಆ್ಯಪಿನಲ್ಲಿ ಓಲೆಯ ಹಿಂದಿನ ಆರು ಅಕ್ಷರ-ಅಂಕಿಯ ಗುರುತು ಸಂಖ್ಯೆ, ಎಚ್‌ಯುಐಡಿ, ಹಾಕಿ ನೋಡಿದ್ದಾಳಂತೆ, ಅಂಗಡಿಯವನ ಎದುರೇ. 2023ರ ಏಪ್ರಿಲ್‌ನಿಂದ ಅದಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಎರಡು ಗ್ರಾಮಿನೊಳಗಿನ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ ಅನ್ನುವುದೂ ಅವಳಿಗೆ ಗೊತ್ತು, ಅದಕ್ಕೇ ಮೂರು ಗ್ರಾಮಿನ ಮೇಲಿನದು ತಂದೆ ಅಂದಳು. ಆ ಕಾರಣ ತಮ್ಮನಿಗೆ ಅಷ್ಟು ಹಿಡಿಸಿದ ಹಾಗೆ ಕಾಣಲಿಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ ನಿಜವಾದ ಕೊರಿಯರ್ ಹುಡುಗ ಬಂದ. ಬೆನ್ನ ಮೇಲೆ ತನಗಿಂತ ದೊಡ್ಡ ಚೀಲ, ಮುಖದಲ್ಲಿ ಬೆವರು. ಟೀಚರ್ ಇಳಿದು ಬಂದರು. ಅವನು ಅವಸರದಲ್ಲಿ ಓಟಿಪಿ ಹೇಳಿ ಅಂದ.

"ಮೊದಲ ಪಾರ್ಸೆಲ್ ಕೈಯಾಗ ಕೊಡು" ಅಂದರು ಟೀಚರ್, ಅಚ್ಚ ಕನ್ನಡದಲ್ಲಿ. ಆಮೇಲೆ ಹಿಂದಿಗೆ ಬಂದು, ಕಳಿಸಿದವರು ಯಾರು, ಎಲ್ಲಿಂದ ಬಂತು, ಬಿಲ್ಲಿನ ನಂಬರೇನು ಅಂತ ಒಂದೊಂದಾಗಿ ಕೇಳಿ, ಆರ್ಡರಿನ ಚೀಟಿಗೆ ತಾಳೆ ಹಾಕಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು.

"ಆಜಿ, ಚೀಲ ತುಂಬ ಪಾರ್ಸೆಲ್ ಇದೆ, ಗಂಟೆ ಒಂಬತ್ತಾಯ್ತು" ಅಂತ ಅವನು ಗೋಗರೆದ.

"ಆಗಲಿ, ನಿಂದ್ರು" ಅಂದರು ಟೀಚರ್.