ಅತ್ತೆಯ ಕ್ಯಾಲೆಂಡರ್‌ಗಳು

22 ಜನವರಿ 2023, ಭಾನುವಾರ
ಅಯೋವಾ, ಅಮೆರಿಕ

ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಮತ್ತೆ ಹಿಮ ಬಿದ್ದಿತ್ತು. ದನದ ನೀರಿನ ತೊಟ್ಟಿಯ ಹೀಟರ್ ರಾತ್ರಿ ಕೆಟ್ಟು ನೀರಿನ ಮೇಲೆ ನಾಲ್ಕು ಬೆರಳು ದಪ್ಪ ಐಸ್ ಕಟ್ಟಿತ್ತು. ಇವರು ಕೊಡಲಿಯಿಂದ ಒಡೆದರು, ನಾನು ಕಟ್ಟಿಕೊಂಡ ನಲ್ಲಿಗೆ ಬಿಸಿನೀರು ಸುರಿದೆ. ನಲವತ್ತು ಹಸು ಸುತ್ತ ನಿಂತು ನೋಡುತ್ತಿದ್ದವು. ಫೆಬ್ರವರಿ ಕೊನೆಗೆ ಇವು ಈಯಲು ಶುರು ಮಾಡುತ್ತವೆ, ಆಮೇಲೆ ರಾತ್ರಿ ಎರಡೆರಡು ಗಂಟೆಗೆ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗುವುದೇ ಕೆಲಸ. ಹಾಗಾಗಿ ಕಾಗದಪತ್ರದ್ದೆಲ್ಲ ಈಗಲೇ ಮುಗಿಯಬೇಕು. ಆದಾಯದಲ್ಲಿ ಮೂರರಲ್ಲಿ ಎರಡು ಪಾಲು ಬೇಸಾಯದ್ದಾದರೆ, ಮಾರ್ಚ್ 1ರೊಳಗೆ ತೆರಿಗೆ ಲೆಕ್ಕ ಕೊಟ್ಟುಬಿಟ್ಟರೆ ವರ್ಷವಿಡೀ ಕಂತು ಕಂತಾಗಿ ಮುಂಗಡ ಕಟ್ಟುವ ತಾಪತ್ರಯ ಇಲ್ಲ. ನಮ್ಮ ಮನೆಯಲ್ಲಿ ಆ ಲೆಕ್ಕ ನನ್ನದು.

ಮಧ್ಯಾಹ್ನ ಊಟ ಆದ ಮೇಲೆ ಮೇಜು ಒರೆಸಿ ಕೃಷಿ ಗಣತಿಯ ನಮೂನೆ ತೆಗೆದೆ. ಐದು ವರ್ಷಕ್ಕೊಮ್ಮೆ ಬರುತ್ತದೆ. ವರ್ಷಕ್ಕೆ 1000 ಡಾಲರ್ ಬೆಳೆ ಮಾರುವ ಜಾಗವನ್ನೂ ಇಲ್ಲಿ ಫಾರ್ಮ್ ಅಂತಲೇ ಎಣಿಸುತ್ತಾರೆ. ಫೆಬ್ರವರಿ 6 ಕೊನೇ ದಿನ. ಎಷ್ಟು ಎಕರೆ ಮೆಕ್ಕೆಜೋಳ, ಎಷ್ಟು ಸೋಯಾ, ಎಷ್ಟು ದನ, ಡೀಸೆಲ್ಲಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು. ಅದೆಲ್ಲ ನನಗೆ ಬಾಯಿಪಾಠ. ನಿಂತಿದ್ದು ಮನುಷ್ಯರ ಪುಟಕ್ಕೆ ಬಂದಾಗ.

ಫಾರ್ಮಿನ ನಿರ್ಧಾರಗಳಲ್ಲಿ ಯಾರ್ಯಾರು ಪಾಲು ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದಾರೆ. ನಾಲ್ಕು ಜನರ ವಿವರಕ್ಕೆ ಜಾಗ ಇದೆ. ದಿನದಿನದ ಕೆಲಸ, ಬೆಳೆ, ದನಕರು, ಲೆಕ್ಕಪತ್ರ, ಮುಂದೆ ಫಾರ್ಮ್ ಯಾರಿಗೆ ಅನ್ನುವುದು, ಒಂದೊಂದಕ್ಕೂ ಒಂದು ಚೌಕ. ಮೊದಲು ಇವರದು ತುಂಬಿಸಿದೆ. ಎರಡನೆಯದು ನನ್ನದು. ಹೊರಗೆ ಎಷ್ಟು ದಿನ ದುಡಿಯುತ್ತೀರಿ ಅಂತ ಇತ್ತು, 200 ದಿನ ಅಥವಾ ಜಾಸ್ತಿ ಅನ್ನುವುದಕ್ಕೆ ಗುರುತು ಹಾಕಿದೆ. ಪಟ್ಟಣದ ಕ್ಲಿನಿಕ್ಕಿನಲ್ಲಿ ನಾನು ಕೆಲಸ ಮಾಡುವುದೇ ಮನೆ ಮಂದಿಗೆಲ್ಲ ಆರೋಗ್ಯ ವಿಮೆ ಸಿಗಲಿ ಅಂತ. ಸುತ್ತಮುತ್ತ ಎಷ್ಟೋ ಫಾರ್ಮುಗಳು ಹೀಗೆ ಹೆಂಗಸರು ಹೊರಗೆ ತರುವ ಸಂಬಳ ಮತ್ತು ವಿಮೆಯ ಮೇಲೇ ನಿಂತಿವೆ. ಅಕ್ಟೋಬರ್‌ನಲ್ಲಿ ಅದೇ ಕೆಲಸ ಮುಗಿಸಿ ಬಂದು, ಮಕ್ಕಳಿಗೆ ಬಡಿಸಿ, ಉಳಿದದ್ದನ್ನು ಡಬ್ಬಿಗೆ ತುಂಬಿ ಹೊಲಕ್ಕೆ ಬುತ್ತಿ ಒಯ್ಯುತ್ತೇನೆ, ಆಮೇಲೆ ರಾತ್ರಿ ಹನ್ನೊಂದರ ತನಕ ಕೊಯ್ಲಿನ ಯಂತ್ರ ಕಂಬೈನ್‌ನ ಪಕ್ಕಪಕ್ಕದಲ್ಲೇ ಟ್ರ್ಯಾಕ್ಟರ್ ಓಡಿಸುತ್ತಾ ಕಾಳಿನ ಗಾಡಿ ತುಂಬಿಸಿಕೊಳ್ಳುತ್ತೇನೆ. ಅದು ಒಂದೇ ವೇಗದಲ್ಲಿ ಹೋಗಬೇಕು, ಸ್ವಲ್ಪ ಹಿಂದೆಮುಂದೆ ಆದರೂ ಕಾಳು ನೆಲಕ್ಕೆ. ಮೆಕ್ಕೆಜೋಳದ ತೇವ ಶೇಕಡಾ 15ರ ಹತ್ತಿರ ಇಳಿಯುವ ತನಕ ಒಣಗಿಸದಿದ್ದರೆ ಉಗ್ರಾಣದಲ್ಲಿ ಬೂಸ್ಟು ಹಿಡಿಯುತ್ತದೆ. ಆ ಡ್ರೈಯರ್ ನೋಡಿಕೊಳ್ಳುವುದೂ ನಾನೇ. ಹಾಗಾಗಿ ನನ್ನ ಚೌಕಗಳಿಗೆ ಗುರುತು ಹಾಕುವಾಗ ಕೈ ತಡೆಯಲಿಲ್ಲ.

ಮೂರನೆಯ ಜಾಗಕ್ಕೆ ಅತ್ತೆಯ ಹೆಸರು ಬರೆಯುತ್ತೇನೆ ಅಂದೆ. ಸ್ವೆಟರ್ ಹೆಣೆಯುತ್ತಾ ಕೂತಿದ್ದ ಅವರು ಕತ್ತೆತ್ತಿ, "ನನ್ನದ್ಯಾಕೆ? ನಾನು ಸುಮ್ನೆ ಜೊತೆಗೆ ಕೈ ಹಾಕ್ತಿದ್ದೆ ಅಷ್ಟೆ" ಅಂದರು.

ಈ ಮಾತನ್ನು ನಾನು ತವರು ಹಾವೇರಿಯಲ್ಲೂ ಕೇಳಿದ್ದೇನೆ. ಅವ್ವ ಬೆಳಗಾಗೆದ್ದು ಹೊಲಕ್ಕೆ ಹೋಗಿ ಗೋವಿನಜೋಳ ಮುರಿಯುವಳು, ಕಣದಲ್ಲಿ ರಾಶಿ ಮಾಡುವಳು. ಪಹಣಿಯಲ್ಲಿ ಅಪ್ಪನ ಹೆಸರು. ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಮನ್ಯಾಗ ಇರ್ತೀನಿ" ಅನ್ನುವಳು. ನನಗೆ ಆಗ ಅದು ವಿಚಿತ್ರ ಅನ್ನಿಸಿರಲಿಲ್ಲ, ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅತ್ತೆ ಎದ್ದು ಹೋಗಿ ನೆಲಮಾಳಿಗೆಯಿಂದ ಒಂದು ರಟ್ಟಿನ ಡಬ್ಬ ತರಿಸಿದರು. ಒಳಗೆಲ್ಲ ಬೀಜದ ಕಂಪನಿಯವರು ಪುಕ್ಕಟೆ ಹಂಚುವ ಗೋಡೆ ಕ್ಯಾಲೆಂಡರ್‌ಗಳು, 1975ರಿಂದ ಒಂದೂ ಬಿಡದೆ. ಪ್ರತಿ ದಿನದ ಚೌಕದಲ್ಲೂ ಪೆನ್ಸಿಲ್‌ನಲ್ಲಿ ಸಣ್ಣ ಅಕ್ಷರ. ಮಳೆ ಎಷ್ಟು ಇಂಚು, ಯಾವ ಹೊಲ ಬಿತ್ತಿದ್ದು, ಯಾವ ಹಸು ಈದಿದ್ದು. ಮೊಟ್ಟೆ 22 ಡಜನ್. "ನಾನು, ಟ್ರ್ಯಾಕ್ಟರ್, ಪಡುವಣ ಹೊಲ ಹರಗಿದ್ದು, 9 ತಾಸು." 1976ರ ಅಕ್ಟೋಬರ್ ಹಾಳೆಯಲ್ಲಿ ಇವರು ಹುಟ್ಟಿದ ದಿನಕ್ಕೆ ಎರಡೇ ಪದ ಇದೆ: "ಆಸ್ಪತ್ರೆ. ಗಂಡು." ಅದಾಗಿ ಹನ್ನೊಂದನೇ ದಿನ: "ನಾನು, ಕಾಳು ಸಾಗಿಸಿದ್ದು, 3 ಲೋಡ್." ನಾನು ಅದನ್ನು ಎರಡು ಸಲ ಓದಿದೆ. ಇವರೂ ಬಂದು ನೋಡಿದರು, ಏನೂ ಮಾತಾಡದೆ ಅಮ್ಮನ ಹೆಗಲ ಮೇಲೆ ಕೈ ಇಟ್ಟು ನಿಂತರು.

ಇಷ್ಟೆಲ್ಲ ಯಾಕೆ ಬರೆದಿಟ್ಟಿರಿ ಅಂತ ಕೇಳಿದೆ. ಆಗ ಹೇಳಿದರು.

1974ರಲ್ಲಿ ಅತ್ತೆಯ ಅಪ್ಪ ತೀರಿಕೊಂಡರು. ಜಮೀನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇತ್ತು. ಆದರೆ ಆಗಿನ ಕಾನೂನಿನಲ್ಲಿ ಗಂಡ ಸತ್ತರೆ ಜಂಟಿ ಜಮೀನನ್ನೂ ಪೂರ್ತಿ ಅವನದೇ ಆಸ್ತಿ ಅಂತ ಹಿಡಿದು, ಸತ್ತವರ ಆಸ್ತಿಯ ಮೇಲಿನ ತೆರಿಗೆ ಲೆಕ್ಕ ಹಾಕುತ್ತಿದ್ದರು. ಹೆಂಡತಿ ತನ್ನ ದುಡ್ಡು ಹಾಕಿದ್ದೇನೆ ಅಂತ ದಾಖಲೆ ತೋರಿಸಿದರೆ ಅಷ್ಟು ಪಾಲು ಬಿಡುತ್ತಿದ್ದರು. ದುಡಿಮೆ ಲೆಕ್ಕಕ್ಕಿರಲಿಲ್ಲ. ವಿನಾಯಿತಿ 60 ಸಾವಿರ ಡಾಲರ್ ಮಾತ್ರ, 1942ರಲ್ಲಿ ಇಟ್ಟಿದ್ದು, ಜಮೀನಿನ ಬೆಲೆಯೋ ಆಗ ಏರುತ್ತಲೇ ಇತ್ತು. ಅತ್ತೆಯ ಅಮ್ಮ ಮೂವತ್ತು ವರ್ಷ ಮೊಟ್ಟೆ, ಬೆಣ್ಣೆಗೆ ಕೆನೆ ಮಾರಿ ಮನೆ ನಡೆಸಿದವರು. ಕೆನೆಯ ದುಡ್ಡಿನಿಂದಲೇ ಸಾಲದ ಕಂತು ಕಟ್ಟಿದ್ದರಂತೆ. ರಸೀದಿ ಎಲ್ಲಿದೆ ಅಂತ ವಕೀಲರು ಕೇಳಿದರು. ಇರಲಿಲ್ಲ. 80 ಎಕರೆ ಮಾರಿ ತೆರಿಗೆ ಕಟ್ಟಿದರು. ಆ ಹೊಲ ನಮ್ಮ ಮನೆಯಿಂದ ಎರಡು ಮೈಲಿ. ಕಾರು ಆ ಕಡೆ ಹೋದಾಗ ಅತ್ತೆ ಯಾಕೆ ಈಚೆ ಕಿಟಕಿಗೆ ಮುಖ ತಿರುಗಿಸುತ್ತಾರೆ ಅಂತ ನನಗೆ ಇಷ್ಟು ವರ್ಷ ಗೊತ್ತಾಗಿರಲಿಲ್ಲ.

ಮಾರನೇ ವರ್ಷದ ಜನವರಿ 1ರಿಂದ ಅತ್ತೆ ಬರೆಯಲು ಶುರು ಮಾಡಿದರು. 1981ರಲ್ಲಿ ಕಾನೂನು ಬದಲಾಗಿ, ಗಂಡನಿಂದ ಹೆಂಡತಿಗೆ ಬರುವ ಆಸ್ತಿಗೆ ಆ ತೆರಿಗೆಯೇ ಹೋಯಿತು. ರೈತ ಹೆಂಗಸರು ಹೋರಾಡಿ ಪಡೆದದ್ದು ಅದು. ಆಮೇಲೂ ಯಾಕೆ ಬರೆದಿರಿ ಅಂದರೆ, "ಅಭ್ಯಾಸ ಆಗಿತ್ತು" ಅಂದರು.

ಗಣತಿಯಲ್ಲೂ 2002ಕ್ಕೆ ಮುಂಚೆ ಫಾರ್ಮಿಗೆ ಒಬ್ಬರ ವಿವರ ಮಾತ್ರ ಕೇಳುತ್ತಿದ್ದರು. ಆಮೇಲೆ ಮೂವರದು, 2017ರಿಂದ ನಾಲ್ವರದು. ಆ ಸಲ ದೇಶದಲ್ಲಿ ಫಾರ್ಮ್ ನಡೆಸುವವರಲ್ಲಿ ಶೇಕಡಾ 36 ಹೆಂಗಸರು ಅಂತ ಬಂತು. ಅವರೇನು ಹೊಸದಾಗಿ ಬಂದವರಲ್ಲ ಅಲ್ವಾ. ಆ 2017ರ ನಮೂನೆಯನ್ನು ನಾನೇ ತುಂಬಿದ್ದೆ, ಅತ್ತೆಯನ್ನು ಬಿಟ್ಟಿದ್ದೆ. ಅದು ನನ್ನದೇ ತಪ್ಪು. ನಾವು ಉಳುವ ಜಮೀನಿನಲ್ಲಿ ಅರ್ಧ ಅವರ ಹೆಸರಿನಲ್ಲಿದೆ. ಮುಂದೆ ಇದು ಯಾವ ಮೊಮ್ಮಗುವಿಗೆ ಅನ್ನುವ ಮಾತು ಅವರಿಲ್ಲದೆ ನಡೆಯುವುದೇ ಇಲ್ಲ.

ಅಷ್ಟರಲ್ಲಿ ದೊಡ್ಡವಳು ಬಂದು ಕೂತಳು. ಜುಲೈನಲ್ಲಿ ಕೌಂಟಿ ಜಾತ್ರೆಗೆ ಫೋರ್-ಎಚ್ ಅನ್ನುವ ಮಕ್ಕಳ ಕ್ಲಬ್ಬಿನಿಂದ ಒಂದು ಹೋರಿ ಸಾಕುತ್ತಿದ್ದಾಳೆ, ಅದರ ಮೇವು, ತೂಕ ಎಲ್ಲ ಬರೆದಿಡಬೇಕು. ಅಜ್ಜಿಯ ಕ್ಯಾಲೆಂಡರ್ ತಿರುವಿ ಹಾಕಿ, ಇಂಥದ್ದು ನನಗೂ ಒಂದು ಕೊಡಿ ಅಂದಳು. ಚಿಕ್ಕವನಿಗೆ ಅಪ್ಪ ಹುಟ್ಟಿದ ಚೌಕ ಬೇಕಿತ್ತು, ಫೋಟೋ ತೆಗೆದುಕೊಂಡ.

ಕೊನೆಗೆ ಒಂದು ಪ್ರಶ್ನೆ ಉಳಿಯಿತು: ಬೇಸಾಯ ಶುರು ಮಾಡಿದ್ದು ಯಾವ ವರ್ಷ? ಅತ್ತೆ ಮೊದಲು 2014 ಅಂದರು. ಮಾವ ತೀರಿಕೊಂಡು ಜಮೀನು ಅತ್ತೆಯ ಹೆಸರಿಗೆ ಬಂದ ವರ್ಷ. ನಾನು ಬರೆಯಲಿಲ್ಲ, ಪೆನ್ನು ಹಿಡಿದು ಸುಮ್ಮನೆ ಕೂತೆ. ಅವರು ಎರಡು ಸಾಲು ಹೆಣೆದರು. ಆಮೇಲೆ ಸೂಜಿ ಕೆಳಗಿಟ್ಟು, "ಇಲ್ಲ, 1966 ಅಂತ ಬರಿ. ಮದುವೆಯಾಗಿ ನಾಲ್ಕನೇ ದಿನ ಹುಲ್ಲಿನ ಪಿಂಡಿ ಎತ್ತಿದ್ದೆ" ಅಂದರು.

1966 ಅಂತ ಬರೆದೆ. ನಾಳೆ ಕ್ಲಿನಿಕ್ಕಿಗೆ ಹೋಗುವಾಗ ಅಂಚೆಗೆ ಹಾಕಬೇಕು. ತೊಟ್ಟಿಗೆ ಹೊಸ ಹೀಟರನ್ನೂ ತರಬೇಕು.