ತಿನ್ನೋರೆಲ್ಲ ಕೆಟ್ಟೋರಾ?

ಯುಗಾದಿ ಮಾರನೇ ದಿನದ ಬಾಡೂಟಕ್ಕೆ, ಹೊಸತೊಡಕಿಗೆ, ಹಳೇಬೀಡಿನ ಹತ್ತಿರದ ನಮ್ಮೂರಿಗೆ ಹೋದಾಗಲೆಲ್ಲ ಯಾರಾದರೂ ಕೇಳೇ ಕೇಳುತ್ತಾರೆ. ಈ ಸಲ ದೊಡ್ಡಪ್ಪ ಕೇಳಿದರು: "ಅಲ್ಲ ಕಣವ್ವ, ನೀನು ಮಾಂಸ ಬಿಟ್ಟೆ, ಸರಿ. ಹಂಗಾರೆ ತಿನ್ನೋ ನಾವೆಲ್ಲ ಕೆಟ್ಟೋರಾ? ಮನುಷ್ಯ ಹುಟ್ತಾನೇ ಕೆಟ್ಟೋನು ಅಂತೀಯಾ?"

ಇಲ್ಲ ದೊಡ್ಡಪ್ಪ.

ಎಂಟು ವರ್ಷದವಳಿದ್ದಾಗ ಕೆಂಪು ಹುಂಜವೊಂದನ್ನು ಹುಲ್ಲಿನ ಮೆದೆಯ ಹಿಂದೆ ಬಚ್ಚಿಟ್ಟು ಅತ್ತಿದ್ದೆ. ರಾತ್ರಿ ಅದೇ ಹುಂಜದ ಸಾರಿಗೆ ಇನ್ನೊಂದು ಮುದ್ದೆ ಹಾಕಿಸಿಕೊಂಡೆ. ಆ ಅಳುವೂ ನಿಜ, ಆ ಹಸಿವೂ ನಿಜ. ಅಮ್ಮನೂ ಹಾಗೇ. ಕೋಳಿ ಕೊಯ್ಯುವುದಕ್ಕೆ ಅವಳ ಕೈ ನಡುಗುತ್ತಿರಲಿಲ್ಲ. ಆದರೆ ಕಾವಿಗೆ ಕೂತ ಹೇಂಟೆಯನ್ನು, ಮರಿ ಕಟ್ಟಿಕೊಂಡು ತಿರುಗುವ ಕೋಳಿಯನ್ನು, ನೆಂಟರು ಬಾಗಿಲಲ್ಲಿ ನಿಂತಿದ್ದರೂ ಮುಟ್ಟಲು ಬಿಡುತ್ತಿರಲಿಲ್ಲ. ಅದನ್ನು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ದಿನಾ ಕಾಳು ಹಾಕುವವಳ ಕಣ್ಣಿಗೆ ಆ ಕೋಳಿ ಕಾಣುತ್ತಿತ್ತು, ಅಷ್ಟೇ. ಕರುಣೆ ನಮ್ಮೊಳಗೆ ಹುಟ್ಟಿನಿಂದಲೇ ಇದೆ ಎಂದು ನಾನು ನಂಬುವುದು ಅಮ್ಮನನ್ನು ನೋಡಿ. ಆದರೆ ಅದು ಕಣ್ಣಳತೆಯಷ್ಟೇ ದೂರ ಹೋಗುತ್ತದೆ.

ನಮ್ಮ ಹಳೇಬೀಡು ಹೊಯ್ಸಳರ ರಾಜಧಾನಿ ದೋರಸಮುದ್ರವಾಗಿದ್ದಾಗ, ಅವರ ಆಸ್ಥಾನದ ಕವಿ ಜನ್ನ 1209ರಲ್ಲಿ ಯಶೋಧರ ಚರಿತೆ ಬರೆದ. ಅದರಲ್ಲಿ ರಾಜ ಯಶೋಧರ ಜೀವಬಲಿಗೆ ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿ ಮಾಡಿಸಿ ಬಲಿ ಕೊಡುತ್ತಾನೆ. ಆ ಪಾಪಕ್ಕೇ ತಾಯಿ, ಮಗ ಇಬ್ಬರೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟಿ ಸಾಯುತ್ತಾರೆ. ಜೈನರು ಇದನ್ನು ಸಂಕಲ್ಪ ಹಿಂಸೆ, ಅಂದರೆ ಮನಸ್ಸಿನಲ್ಲಿ ಮಾಡಿದ ಹಿಂಸೆ, ಎನ್ನುತ್ತಾರೆ. ಹಿಟ್ಟಿಗೆ ಇಷ್ಟು ಶಿಕ್ಷೆಯೇ ಎಂದು ಕಾಲೇಜಿನಲ್ಲಿ ಓದುವಾಗ ಸಿಟ್ಟು ಬಂದಿತ್ತು.

ಈಗ ಅದೇ ಕಥೆ ಬೇರೆ ರೀತಿಯಲ್ಲಿ ಕಾಡುತ್ತದೆ. ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ, ಕೊಲ್ಲುವ ಮನಸ್ಸಿತ್ತು. ಭಾನುವಾರ ಅಂಗಡಿ ಮುಂದೆ ನಿಂತು "ಒಂದು ಕೆಜಿ, ಸ್ಕಿನ್‌ಲೆಸ್" ಎನ್ನುವಾಗ ಕೊಲ್ಲುವ ಮನಸ್ಸು ಯಾರಿಗೂ ಇಲ್ಲ, ಹೋಗುವುದು ಮಾತ್ರ ಜೀವ. ಆರು ವಾರಕ್ಕೆಲ್ಲ ತೂಕ ತುಂಬಿಸಿಕೊಂಡು ಶೆಡ್ಡಿನಿಂದ ಲಾರಿ ಹತ್ತಿದ ಬ್ರಾಯ್ಲರ್ ಕೋಳಿ ಅದು. ಅದಕ್ಕೆ ಮರಿ ಇತ್ತೇ, ಕಾವಿಗೆ ಕೂತಿತ್ತೇ ಎಂದು ಕೇಳುವ ಮಾತೇ ಇಲ್ಲ. ಅಮ್ಮ ಹಾಕಿಕೊಂಡಿದ್ದ ಬೇಲಿಗೆ ಅಲ್ಲಿ ಜಾಗವಿಲ್ಲ. ನಾನು ಬಿಟ್ಟಿದ್ದು ಅದಕ್ಕೆ. ಒಮ್ಮೆ ಬಿಟ್ಟ ಮೇಲೆ ಊರಿನ ನಾಟಿ ಕೋಳಿಯೂ ಸೇರಲಿಲ್ಲ.

ಹಾಗೆಂದು ನನ್ನ ತಟ್ಟೆ ಶುದ್ಧವಲ್ಲ. ಬೆಳಗ್ಗೆ ಎದ್ದರೆ ಹಾಲು ಹಾಕಿದ ಕಾಫಿ ಬೇಕು. ಹೆಚ್ಚು ಹಾಲು ಕೊಡುವ ವಿದೇಶಿ ತಳಿಯ ಎಚ್‌ಎಫ್ ಹಸು ಗಂಡು ಕರು ಹಾಕಿದರೆ ಸಾಕಿದವರ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ಉಳುವುದಕ್ಕೆ ಟ್ರ್ಯಾಕ್ಟರ್ ಇದೆ, ಆ ಕರು ಹಾಲು ಕೊಡುವುದಿಲ್ಲ, ಕುಡಿಯುವುದು ಮಾತ್ರ. ಮುಂದೆ ಅದು ಎಲ್ಲಿಗೆ ಹೋಗುತ್ತದೆ ಎಂದು ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಕೇಳಿಲ್ಲ.

ಇಷ್ಟನ್ನೂ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕೊಟ್ಟಿಗೇಲೂ ಒಂದು ಗಂಡು ಕರ ಐತೆ, ಬಾ" ಎಂದು ಎದ್ದರು.